ಸರಾಸರಿಯ ಬಾಗಿಲಲ್ಲಿ ವಿಶ್ವನಾಥ್

ನಾಲ್ಕು ಜನ ಕೂತು ಕ್ರಿಕೆಟ್ ಮಾತಾಡುವ ಕಡೆ ಈಗ ವಾದವೇ ಉಳಿದಿಲ್ಲ. ಒಬ್ಬರು ಒಂದು ಹೆಸರು ಹೇಳುತ್ತಾರೆ, ಇನ್ನೊಬ್ಬರು ಮೊಬೈಲ್ ತೆಗೆಯುತ್ತಾರೆ, ಪರದೆಯ ಮೇಲೆ ಒಂದು ಅಂಕಿ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಗುಂಡಪ್ಪ ವಿಶ್ವನಾಥ್ ಎಂದರೆ ಬರುವ ಅಂಕಿ 41.93. ಅದನ್ನು ನೋಡಿದ ಹುಡುಗರು ತಲೆಯಾಡಿಸಿ, ‘ಒಳ್ಳೇ ಆಟಗಾರ ಇರಬಹುದು, ಗ್ರೇಟ್ ಅಂತೂ ಅಲ್ಲ’ ಎಂದು ತೀರ್ಪು ಕೊಡುತ್ತಾರೆ. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಜಗತ್ತಿನ ಕ್ರಿಕೆಟ್ಟನ್ನು ಆಳುವ ಸಂಸ್ಥೆಯೇ ಹೆಚ್ಚುಕಮ್ಮಿ ಅದೇ ತಕ್ಕಡಿ ಹಿಡಿದು ಕೂತಿರುವಾಗ ಹುಡುಗರದೇನು ತಪ್ಪು?

ಐಸಿಸಿ 2009ರಲ್ಲಿ ತನ್ನ ‘ಹಾಲ್ ಆಫ್ ಫೇಮ್’ ಆರಂಭಿಸಿತು. ಕರ್ನಾಟಕದಿಂದ ಅದರೊಳಗೆ ಹೋದವರು ಇಬ್ಬರು: 2015ರಲ್ಲಿ ಅನಿಲ್ ಕುಂಬ್ಳೆ, 2018ರಲ್ಲಿ ರಾಹುಲ್ ದ್ರಾವಿಡ್. ಇಬ್ಬರ ಅರ್ಹತೆಯ ಬಗ್ಗೆಯೂ ಎರಡು ಮಾತಿಲ್ಲ. ಆದರೆ ಭದ್ರಾವತಿಯಲ್ಲಿ ಹುಟ್ಟಿ, 1969ರಿಂದ 1983ರವರೆಗೆ 91 ಟೆಸ್ಟ್ ಆಡಿದ ವಿಶ್ವನಾಥ್ ಈ ಬರಹದ ಹೊತ್ತಿಗೂ ಆ ಬಾಗಿಲ ಹೊರಗೇ ಇದ್ದಾರೆ. ಯಾಕೆ ಎಂದು ಕೇಳುವವರಿಗೆ ಆಯ್ಕೆಯ ಮಾರ್ಗಸೂಚಿಯೇ ಉತ್ತರ ಕೊಡುತ್ತದೆ. ಬ್ಯಾಟ್ಸ್‌ಮನ್ ಆದವರು ಟೆಸ್ಟ್ ಅಥವಾ ಏಕದಿನ ಕ್ರಿಕೆಟ್ಟಿನಲ್ಲಿ 8000 ರನ್ ಮತ್ತು 20 ಶತಕ ಹೊಡೆದಿರಬೇಕು, ಇಲ್ಲವೇ 50ಕ್ಕಿಂತ ಹೆಚ್ಚು ಸರಾಸರಿ ಇರಬೇಕು. ವಿಶ್ವನಾಥ್ ಅವರ ಟೆಸ್ಟ್ ಲೆಕ್ಕ: 6080 ರನ್, 14 ಶತಕ, 41.93. ಮೂರರಲ್ಲೂ ಫೇಲು.

ನನ್ನ ತಕರಾರು ಈ ‘ಫೇಲು’ ಎಂಬುದರ ಮೇಲೆ. ಬ್ಯಾಟಿಂಗ್ ಅಂಕಿಗಳು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅವು ಒಂದು ಪ್ರಶ್ನೆಗೆ ಕೊಡುವ ಉತ್ತರವನ್ನು ನಾವು ಬೇರೊಂದು ಪ್ರಶ್ನೆಗೆ ಅಂಟಿಸುತ್ತಿದ್ದೇವೆ. ‘ಒಟ್ಟು ಎಷ್ಟು ಹೊಡೆದರು’ ಎಂಬುದಕ್ಕೆ ಅಂಕಿ ಉತ್ತರಿಸುತ್ತದೆ. ‘ಅವರಿಲ್ಲದಿದ್ದರೆ ಈ ಆಟ ಬಡವಾಗುತ್ತಿತ್ತೇ’ ಎಂಬುದು ಗೌರವದ ಪ್ರಶ್ನೆ. ಅದಕ್ಕೆ ಅಂಕಿಯೊಂದರಿಂದಲೇ ಉತ್ತರ ಸಿಗದು.

ಮೊದಲು ಆ ದೂರ ಎಷ್ಟಿದೆ ನೋಡಿ. ವಿಶ್ವನಾಥ್ 155 ಇನಿಂಗ್ಸ್ ಆಡಿ, ಹತ್ತು ಸಲ ಔಟಾಗದೆ ಉಳಿದರು. 6080ನ್ನು 145ರಿಂದ ಭಾಗಿಸಿದರೆ 41.93. ಸರಾಸರಿ 50 ಮುಟ್ಟಲು ಬೇಕಾಗಿದ್ದದ್ದು ಒಟ್ಟು 1170 ರನ್, ಅಂದರೆ ಸಲ ಸಲವೂ ಔಟಾಗುವ ಮುಂಚೆ ಇನ್ನೊಂದು ಎಂಟು ರನ್. ಎರಡು ಬೌಂಡರಿ. ಒಳಗಿರುವವರನ್ನೂ ಹೊರಗಿರುವವರನ್ನೂ ಬೇರೆ ಮಾಡುವ ಗೋಡೆ ಎರಡು ಬೌಂಡರಿಯಷ್ಟು ದಪ್ಪ! ಆ ಎರಡು ಬೌಂಡರಿಯನ್ನು ಯಾವ ದಿನ, ಯಾರ ಮುಂದೆ, ಎಂಥ ಪಿಚ್ಚಿನಲ್ಲಿ ಹೊಡೆಯಬೇಕಿತ್ತು ಎಂದು ಕೇಳುವಂತಿಲ್ಲ. ಎಲ್ಲಿ ಹೊಡೆದರೂ ನಡೆಯುತ್ತದೆ.

ಸರಾಸರಿ ಎಂದರೇನು ಎಂದು ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ರೈತರಿಗೆ ಪಾಠ ಹೇಳಬೇಕಾಗಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವು ಬರುತ್ತವೆ, ಬೆಳೆಯೆಂದರೆ ಇಲ್ಲಿ ಮುಖ್ಯವಾಗಿ ಶೇಂಗಾ. ವರ್ಷದ ಕೊನೆಗೆ ‘ವಾಡಿಕೆಯಷ್ಟು ಮಳೆಯಾಗಿದೆ’ ಎಂದು ಕಾಗದದಲ್ಲಿ ಬರೆಯಬಹುದು. ಬಿತ್ತುವಾಗ ಬಾರದೆ, ಹೂವಾಗಿ ಕಾಯಿ ಕಟ್ಟುವಾಗ ಬಾರದೆ, ಬಳ್ಳಿ ಕಿತ್ತು ಹೊಲದಲ್ಲಿ ಒಣಹಾಕಿದ ಮೇಲೆ ಮೂರು ದಿನ ಸುರಿದ ಮಳೆಯೂ ಆ ಲೆಕ್ಕದಲ್ಲಿ ಸೇರಿರುತ್ತದೆ. ಮಿಲಿಮೀಟರಿನಲ್ಲಿ ಎರಡೂ ಒಂದೇ, ಹೊಲದಲ್ಲಿ ಒಂದೇ ಅಲ್ಲ. ಸಿದ್ದಾಪುರದ ಹೊಲದಲ್ಲಿ ನಿಂತವರು ಕೇಳುವುದು ‘ಎಷ್ಟು ಬಂತು’ ಎಂದಲ್ಲ, ‘ಯಾವಾಗ ಬಂತು’ ಎಂದು. ವಿಶ್ವನಾಥ್ ಅವರ ರನ್ನುಗಳ ಬಗ್ಗೆಯೂ ಕೇಳಬೇಕಾದ ಪ್ರಶ್ನೆ ಅದೇ.

ಯಾವಾಗ ಬಂದವು? 1975ರ ಜನವರಿ, ಮದರಾಸಿನ ಚೆಪಾಕ್. ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್ ಸರಣಿಯ ಮೊದಲೆರಡು ಟೆಸ್ಟ್ ಗೆದ್ದಿತ್ತು. ಕಲ್ಕತ್ತದ ಮೂರನೇ ಟೆಸ್ಟನ್ನು ಭಾರತ ಗೆದ್ದಿತು. ಅಲ್ಲಿ ವಿಶ್ವನಾಥ್ ಹೊಡೆದದ್ದು 139. ನಾಲ್ಕನೆಯದು ಚೆಪಾಕ್. ಆ್ಯಂಡಿ ರಾಬರ್ಟ್ಸ್ ಬೆಂಕಿಯಂತೆ ಎಸೆದು 64 ರನ್ನಿಗೆ 7 ವಿಕೆಟ್ ಕಿತ್ತರು. ಹೆಲ್ಮೆಟ್ ಎಂಬುದು ಇನ್ನೂ ಟೆಸ್ಟ್ ಅಂಗಳಕ್ಕೆ ಬಂದಿರಲಿಲ್ಲ. ಭಾರತ 190ಕ್ಕೆ ಆಲೌಟ್. ಅದರಲ್ಲಿ ಐದಡಿ ಚಿಲ್ಲರೆ ಎತ್ತರದ ವಿಶ್ವನಾಥ್ ಅವರದು ಔಟಾಗದೆ 97. ಉಳಿದ ಹತ್ತು ಮಂದಿಯದೂ ಇತರೆ ರನ್ನುಗಳದೂ ಸೇರಿ 93. ಕೊನೆಯಲ್ಲಿ ಜೊತೆ ಕೊಡಲು ಬಂದವರು ಬಿ.ಎಸ್. ಚಂದ್ರಶೇಖರ್. ಅವರು ತಮ್ಮ ಟೆಸ್ಟ್ ಬದುಕಿನಲ್ಲಿ ಹೊಡೆದ ರನ್ನು 167, ಪಡೆದ ವಿಕೆಟ್ಟು 242. ಅಂಥವರು ಇನ್ನೊಂದು ತುದಿಯಲ್ಲಿದ್ದಾಗ ಶತಕಕ್ಕೆ ಮೂರು ರನ್ ಬಾಕಿ ಉಳಿಯಿತು. ಭಾರತ ಆ ಟೆಸ್ಟನ್ನು 100 ರನ್ನಿನಿಂದ ಗೆದ್ದು ಸರಣಿಯನ್ನು 2–2ಕ್ಕೆ ತಂದಿತು.

ಈಗ ಮಾರ್ಗಸೂಚಿಯ ಕಡೆ ಬನ್ನಿ. ಇಪ್ಪತ್ತು ಶತಕ ಬೇಕು ಎನ್ನುವ ಲೆಕ್ಕದಲ್ಲಿ ಈ ಇನಿಂಗ್ಸಿನ ಬೆಲೆ ಸೊನ್ನೆ. ಹೌದು, ಸೊನ್ನೆ. ಐದನೆಯ ದಿನ ಸಂಜೆ, ಫಲಿತಾಂಶ ಇಲ್ಲದ ಪಂದ್ಯದಲ್ಲಿ, ಕೈಚೆಲ್ಲಿದ ಬೌಲರುಗಳ ಮುಂದೆ ಹೊಡೆದ ನೂರು ‘ಒಂದು’ ಎಂದು ದಾಖಲಾಗುತ್ತದೆ. ರಾಬರ್ಟ್ಸ್ ಎದುರು ತಂಡದ ಅರ್ಧಕ್ಕಿಂತ ಹೆಚ್ಚು ರನ್ ಹೊತ್ತು, ಗೆಲುವಿನ ಅಡಿಪಾಯ ಹಾಕಿದ 97 ಲೆಕ್ಕಕ್ಕೇ ಇಲ್ಲ. ಇಂಥ ಅಳತೆಗೋಲನ್ನು ‘ವಸ್ತುನಿಷ್ಠ’ ಎಂದು ಕರೆಯಲು ನಮಗೆ ಸಂಕೋಚವಾಗಬೇಕು.

ಇಲ್ಲಿ ಒಂದು ತಮಾಷೆ ಇದೆ. 2001ರಲ್ಲಿ ವಿಸ್ಡನ್ ಟೆಸ್ಟ್ ಇತಿಹಾಸದ ನೂರು ಅತ್ಯುತ್ತಮ ಇನಿಂಗ್ಸುಗಳ ಪಟ್ಟಿ ಹೊರತಂದಿತು. ಅದೂ ಲೆಕ್ಕಾಚಾರದಿಂದಲೇ ಆದ ಪಟ್ಟಿ: ಪಿಚ್ ಹೇಗಿತ್ತು, ಎದುರಿನ ಬೌಲಿಂಗ್ ಎಂಥದ್ದು, ತಂಡದ ಮೊತ್ತದಲ್ಲಿ ಪಾಲೆಷ್ಟು, ಪಂದ್ಯ ಏನಾಯಿತು ಎಂಬುದಕ್ಕೆಲ್ಲ ಅಂಕ ಕೊಟ್ಟು ಕೂಡಿಸಿದ್ದು. ಆ ನೂರರಲ್ಲಿ ಸಚಿನ್ ತೆಂಡೂಲ್ಕರ್ ಅವರ ಒಂದು ಇನಿಂಗ್ಸೂ ಇರಲಿಲ್ಲ, ದೇಶದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಚೆಪಾಕಿನ ಆ 97 ಮಾತ್ರ ಅದರಲ್ಲಿತ್ತು. ಅಂದರೆ ಅಂಕಿಗೂ ಕಣ್ಣಿದೆ. ಸರಿಯಾದ ಪ್ರಶ್ನೆ ಕೇಳಿದರೆ ಅದು ವಿಶ್ವನಾಥ್ ಅವರನ್ನು ಗುರುತಿಸುತ್ತದೆ. ಸೋಮಾರಿ ಪ್ರಶ್ನೆ ಕೇಳಿದರೆ ಮಾತ್ರ ಕುರುಡಾಗುತ್ತದೆ.

ಚೆಪಾಕ್ ಒಂದೇ ಆಗಿದ್ದರೆ ಅದೃಷ್ಟ ಎನ್ನಬಹುದಿತ್ತು. 1976ರ ಏಪ್ರಿಲ್, ಪೋರ್ಟ್ ಆಫ್ ಸ್ಪೇನ್: ಗೆಲ್ಲಲು 403 ಬೇಕಿತ್ತು. ನಾಲ್ಕನೇ ಇನಿಂಗ್ಸಿನಲ್ಲಿ ನಾನೂರು ದಾಟಿ ಗೆದ್ದದ್ದು ಅದುವರೆಗೆ ಬ್ರಾಡ್ಮನ್ನರ ತಂಡ ಒಂದೇ, 1948ರಲ್ಲಿ. ಭಾರತ ನಾಲ್ಕೇ ವಿಕೆಟ್ಟಿಗೆ 406 ಮಾಡಿತು. ಸುನಿಲ್ ಗಾವಸ್ಕರ್ 102, ಮೊಹಿಂದರ್ ಅಮರನಾಥ್ 85, ಎಲ್ಲರಿಗಿಂತ ಹೆಚ್ಚು ವಿಶ್ವನಾಥ್ 112. 1981ರ ಫೆಬ್ರವರಿ, ಮೆಲ್ಬರ್ನ್: ಭಾರತದ ಮೊದಲ ಇನಿಂಗ್ಸ್ 237, ಅದರಲ್ಲಿ ವಿಶ್ವನಾಥ್ 114. ಕೊನೆಗೆ ಕಪಿಲ್ ದೇವ್ ಗಾಯಗೊಂಡ ಕಾಲಿನಲ್ಲೇ ಐದು ವಿಕೆಟ್ ಪಡೆದು ಆಸ್ಟ್ರೇಲಿಯಾವನ್ನು 83ಕ್ಕೆ ಉರುಳಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಆ 114 ಇಲ್ಲದಿದ್ದರೆ ಕಪಿಲ್ ಅವರಿಗೆ ಉರುಳಿಸಲು ಪಂದ್ಯವೇ ಉಳಿಯುತ್ತಿರಲಿಲ್ಲ.

ಈ ಮಾತನ್ನು ಇಲ್ಲಿಂದ ಸ್ವಲ್ಪ ದೂರ ಒಯ್ಯಬೇಕು. ಬ್ಯಾಟಿಂಗ್ ಸರಾಸರಿಯ ಹುಚ್ಚು ಕ್ರಿಕೆಟ್ಟಿನಿಂದಲೇ ಅಮೆರಿಕದ ಬೇಸ್‌ಬಾಲ್‌ಗೆ ಹೋದದ್ದು. ಇಂಗ್ಲೆಂಡಿನಲ್ಲಿ ಹುಟ್ಟಿ, ಕ್ರಿಕೆಟ್ ವರದಿ ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್ ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಆಟಕ್ಕೆ ಸ್ಕೋರ್‌ಪಟ್ಟಿಯನ್ನೂ ಸರಾಸರಿಯನ್ನೂ ಹೊಂದಿಸಿ ಕೊಟ್ಟವರು. ಕೂಪರ್ಸ್‌ಟೌನ್ ಊರಿನಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನೂ 1938ರಲ್ಲಿ ಸೇರಿಸಿಕೊಂಡಿತು. ಅಲ್ಲೂ ಅಭಿಮಾನಿಗಳು 3000 ಹಿಟ್, 500 ಹೋಮ್ ರನ್ ಎಂದು ಜಪ ಮಾಡುತ್ತಾರೆ, ಅದನ್ನು ಹಿಡಿದೇ ಜಗಳ ಕಾಯುತ್ತಾರೆ. ಆದರೆ ಆ ಸಂಸ್ಥೆಯ ನಿಯಮ ನೋಡಿ. ಮತ ಹಾಕುವ ಪತ್ರಕರ್ತರು ಆಟಗಾರನ ದಾಖಲೆ, ಸಾಮರ್ಥ್ಯ, ಪ್ರಾಮಾಣಿಕತೆ, ಕ್ರೀಡಾ ಮನೋಭಾವ, ನಡತೆ, ತಂಡಕ್ಕೆ ಕೊಟ್ಟ ಕೊಡುಗೆ ಇಷ್ಟನ್ನೂ ನೋಡಬೇಕು; ನೂರಕ್ಕೆ 75 ಮತ ಬೀಳಬೇಕು. ಒಂದು ಋತುವಿನಲ್ಲಿ ಎಂಥ ಅಸಾಧಾರಣ ಸರಾಸರಿ ಇದ್ದರೂ ಅದೊಂದರಿಂದಲೇ ಯಾರೂ ತಾನಾಗಿ ಆಯ್ಕೆಯಾಗುವಂತಿಲ್ಲ ಎಂದು ನಿಯಮದಲ್ಲೇ ಬರೆದಿದೆ. ಹಾಗಾಗಿಯೇ .260ರ ಸಾಧಾರಣ ಬ್ಯಾಟಿಂಗ್ ಸರಾಸರಿಯ ಬಿಲ್ ಮ್ಯಾಜರೋಸ್ಕಿ, ಅಸಾಮಾನ್ಯ ಫೀಲ್ಡಿಂಗಿಗಾಗಿ ಹೆಸರಾಗಿದ್ದವರು, 1960ರ ವಿಶ್ವ ಸರಣಿಯನ್ನು ಕೊನೆಯ ಹೊಡೆತದಲ್ಲಿ ಗೆಲ್ಲಿಸಿದವರು, 2001ರಲ್ಲಿ ಹಿರಿಯರ ಸಮಿತಿಯ ಮೂಲಕ ಒಳಗೆ ಹೋದರು. ಅದನ್ನು ಒಪ್ಪದವರು ಇಂದಿಗೂ ಇದ್ದಾರೆ. ಒಪ್ಪದೆ ಜಗಳ ಮಾಡಲು ಅಲ್ಲಿ ಅವಕಾಶವಾದರೂ ಇದೆ. ನಮ್ಮಲ್ಲಿ ಜಗಳ ಶುರುವಾಗುವ ಮುಂಚೆಯೇ ಅಂಕಿ ಬಾಗಿಲು ಹಾಕಿಕೊಳ್ಳುತ್ತದೆ.

ಅಂಕಿ ಉಳಿದು ಸಂದರ್ಭ ಅಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಿದ್ದಾಪುರದ ಮಗ್ಗುಲಲ್ಲೇ ಸಾಕ್ಷಿಯಿದೆ. 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಬ್ರಹ್ಮಗಿರಿಯ ಬಂಡೆಯ ಮೇಲೆ 256 ಎಂಬ ಸಂಖ್ಯೆ ಇದೆ. ಬರೆಸಿದವರಿಗೆ ಅದರ ಅರ್ಥ ಗೊತ್ತಿತ್ತು, ಅಂದು ಓದಿದವರಿಗೂ ಗೊತ್ತಿದ್ದಿರಬೇಕು. ಆದರೆ ಅದು ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೋ, ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷವೋ, ಮತ್ತೇನೋ ಎಂದು ವಿದ್ವಾಂಸರು ನೂರು ವರ್ಷಕ್ಕೂ ಮೀರಿ ವಾದಿಸಿದ್ದಾರೆ. ಕಲ್ಲಿನಲ್ಲಿ ಕೊರೆದ ಅಂಕಿಯ ಗತಿಯೇ ಇದಾದರೆ ಪರದೆಯ ಮೇಲಿನ 41.93 ಇನ್ನು ಐವತ್ತು ವರ್ಷದ ಮೇಲೆ ಯಾರಿಗೆ ಏನು ಹೇಳೀತು? ಜೊತೆಗೆ ನಾಲ್ಕು ಸಾಲು ಬರೆದಿಡದಿದ್ದರೆ, ‘ಐವತ್ತಕ್ಕಿಂತ ಕಡಿಮೆ’ ಎಂದಷ್ಟೇ ಹೇಳೀತು.

ಇನ್ನು ನಮ್ಮ ಕಡೆಯವರ ಬಗ್ಗೆಯೂ ಒಂದು ಮಾತು. ವಿಶ್ವನಾಥ್ ಪರ ವಾದಿಸುವವರು ಬೀಸುವ ದೊಡ್ಡ ಕತ್ತಿ ಒಂದಿದೆ: ‘ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ.’ ಮಾತು ನಿಜ. ಹದಿನಾಲ್ಕು ಶತಕ, ಒಂದೂ ಸೋಲಿಲ್ಲ. ಆದರೆ ಬಿಡಿಸಿ ನೋಡಿದರೆ ಗೆದ್ದದ್ದು ನಾಲ್ಕು, ಡ್ರಾ ಆದದ್ದು ಹತ್ತು. ಟೆಸ್ಟುಗಳು ಸಾಲುಸಾಲಾಗಿ ಡ್ರಾ ಆಗುತ್ತಿದ್ದ ಕಾಲ ಅದು. ಚೆಪಾಕಿನ 97 ಈ ಪಟ್ಟಿಯಲ್ಲೂ ಇಲ್ಲ, ಅದು ಶತಕವಲ್ಲವಲ್ಲ! ಎದುರಾಳಿಯ ಅಂಕಿಗೆ ನಮ್ಮ ಅಂಕಿ ಎಂದು ತಿರುಗೇಟು ಕೊಡುವುದು ಅದೇ ರೋಗಕ್ಕೆ ಇನ್ನೊಂದು ಹೆಸರು. ನಾಲ್ಕು ಗೆಲುವುಗಳನ್ನು ಒಂದೊಂದಾಗಿ ವಿವರಿಸಿ ಹೇಳುವ ತಾಳ್ಮೆ ಇದ್ದರೆ ಹದಿನಾಲ್ಕರ ಮಂತ್ರ ಬೇಕಾಗುವುದಿಲ್ಲ.

ಎದುರು ವಾದವೂ ಹಗುರದ್ದಲ್ಲ. ಅಂಕಿಯನ್ನು ಬಿಟ್ಟರೆ ಉಳಿಯುವುದೇನು? ನೆನಪು. ನೆನಪು ಪಕ್ಷಪಾತಿ. ದೊಡ್ಡ ಊರಿನ, ದೊಡ್ಡ ಪತ್ರಿಕೆಯ, ಇಂಗ್ಲಿಷ್ ಬಲ್ಲವರ ನೆನಪಿಗೆ ಬೆಲೆ ಹೆಚ್ಚು. ಚಿಕ್ಕ ಊರಿನಿಂದ ಬಂದು, ಗಾಡ್‌ಫಾದರ್ ಇಲ್ಲದೆ ಆಡುವ ಹುಡುಗನಿಗೆ ಸ್ಕೋರ್‌ಪಟ್ಟಿಯೊಂದೇ ಸಾಕ್ಷಿ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ವಿಶ್ವನಾಥ್ ಕೂಡ ತಮ್ಮ ಮೊದಲ ರಣಜಿ ಪಂದ್ಯದಲ್ಲಿ ಮೈಸೂರು ತಂಡದ ಪರ ಆಂಧ್ರದ ವಿರುದ್ಧ ದ್ವಿಶತಕ ಹೊಡೆದೇ ಕಣ್ಣಿಗೆ ಬಿದ್ದವರು. ಒಳಗೆ ಬರಲು ಅಂಕಿ ಬೇಕು. ಬಂದ ಮೇಲೆ ಹದಿನಾಲ್ಕು ವರ್ಷ ಆಡಿದವರನ್ನು ಅಳೆಯಲು ಅದೇ ಗೋಲು ಸಾಲದು ಎಂಬುದಷ್ಟೇ ನನ್ನ ವಾದ.

ಇನ್ನೂ ಗಟ್ಟಿ ಪ್ರಶ್ನೆ ಒಂದಿದೆ: ಅದೇ ಕಾಲ, ಅದೇ ಪಿಚ್, ಅದೇ ಬೌಲರುಗಳು, ಗಾವಸ್ಕರ್ ಹೇಗೆ 51.12ರ ಸರಾಸರಿಯಲ್ಲಿ 10,122 ರನ್ ಹೊಡೆದರು? ಉತ್ತರ ಸರಳ. ಗಾವಸ್ಕರ್ ಹೆಚ್ಚು ಸ್ಥಿರವಾದ, ಹೆಚ್ಚು ಹಸಿವಿನ ಆಟಗಾರ. ಅದನ್ನು ನಿರಾಕರಿಸುವ ಅಗತ್ಯವಿಲ್ಲ. ಗೌರವದ ಮನೆಯಲ್ಲಿ ಇರುವುದು ಒಂದೇ ಕುರ್ಚಿಯಲ್ಲ. ಅದೇ ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಕನ್ಹಾಯ್, ಜಯಸಿಂಹ, ವಿಶ್ವನಾಥ್ ಮೂವರ ನೆನಪಿನಲ್ಲಿ ‘ರೋಹನ್ ಜೈವಿಶ್ವ’ ಎಂದು ಹೆಸರಿಟ್ಟರು. ಹತ್ತು ಸಾವಿರ ರನ್ ಹೊಡೆದವರು ಮಗನಿಗೆ ಹೆಸರು ಆರಿಸುವಾಗ ಸರಾಸರಿ ನೋಡಲಿಲ್ಲ.

ಅಂಕಿಯ ಗೋಡೆ ನ್ಯಾಯವಾಗಿಯಾದರೂ ನಿಂತಿದೆಯೇ ಎಂದರೆ ಅದೂ ಇಲ್ಲ. ವಿನೋದ್ ಕಾಂಬ್ಳಿ ಅವರ ಟೆಸ್ಟ್ ಸರಾಸರಿ 54.20, ಆಡಿದ್ದು 17 ಟೆಸ್ಟ್. 50ರ ನಿಯಮವನ್ನು ಅಕ್ಷರಶಃ ಹಿಡಿದರೆ ಅವರು ಒಳಗೆ, ವಿಶ್ವನಾಥ್ ಹೊರಗೆ. ವಿ.ವಿ.ಎಸ್. ಲಕ್ಷ್ಮಣ್ 8781 ರನ್ ಹೊಡೆದಿದ್ದಾರೆ, ಶತಕ 17, ಸರಾಸರಿ 45.97, ಮೂರು ಶತಕ ಕಡಿಮೆ. 2001ರಲ್ಲಿ ಈಡನ್ ಗಾರ್ಡನ್ಸಿನ 281 ಒಂದೇ ಶತಕ ಎಂದು ಎಣಿಕೆಯಾಗುತ್ತದೆ. ಬೌಲರುಗಳಿಗೆ ಟೆಸ್ಟಿನಲ್ಲಿ 200 ವಿಕೆಟ್ ಜೊತೆಗೆ ಸುಮಾರು 50 ಎಸೆತಕ್ಕೊಂದು ವಿಕೆಟ್ ಇರಬೇಕು ಎನ್ನುತ್ತದೆ ಮಾರ್ಗಸೂಚಿ. ಬಿಷನ್ ಸಿಂಗ್ ಬೇಡಿ ವಿಕೆಟ್ಟೊಂದಕ್ಕೆ ಸುಮಾರು 80 ಎಸೆತ ತೆಗೆದುಕೊಂಡವರು, 2009ರಲ್ಲೇ ಒಳಗಿದ್ದಾರೆ. ಇರಲೇಬೇಕು! ಬೇಡಿಯವರ ಆಟ ನೋಡಿದ ಯಾರೂ ಎಸೆತ ಎಣಿಸುತ್ತ ಕೂರುವುದಿಲ್ಲ. ಆಟದ ಮೇಲೆ ಮೂಲಭೂತ ಪ್ರಭಾವ ಬೀರಿದವರನ್ನು ಅಂಕಿ ಮೀರಿಯೂ ಪರಿಗಣಿಸಬಹುದು ಎಂಬ ಕಿಟಕಿ ಇದ್ದೇ ಇದೆ. ಹಾಗಿದ್ದರೆ ಅದೇ ಕಾಲದ ಅದೇ ತಂಡದ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಅವರಿಗೆ ಆ ಕಿಟಕಿ ಯಾಕೆ ತೆರೆಯಲಿಲ್ಲ? ನಿಯಮ ಸಡಿಲವಾಗುತ್ತದೆ ಎಂದ ಮೇಲೆ, ಯಾರಿಗಾಗಿ ಸಡಿಲವಾಯಿತು ಎಂದು ಕೇಳುವ ಹಕ್ಕು ನಮಗಿದೆ.

ಒಟ್ಟು ಮೊತ್ತ ಎಂಬುದು ಅವಕಾಶದ ಅಳತೆ ಕೂಡ ಎಂಬುದನ್ನು ಬೆಂಗಳೂರಿನ ಶಾಂತಾ ರಂಗಸ್ವಾಮಿ ಅವರ ಬದುಕು ತೋರಿಸುತ್ತದೆ. 1976ರಲ್ಲಿ ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಸರಣಿ ಆಡಿದಾಗ ನಾಯಕಿ ಅವರೇ. ಮೊದಲ ಟೆಸ್ಟ್ ಗೆಲುವು ಅವರ ನಾಯಕತ್ವದಲ್ಲಿ. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ, 1977ರಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ, ಅವರದೇ. ಹದಿನೈದು ವರ್ಷದಲ್ಲಿ ಅವರಿಗೆ ಆಡಲು ಸಿಕ್ಕ ಟೆಸ್ಟುಗಳು 16. ಅವರ ಒಟ್ಟು ರನ್ ಎಷ್ಟು ಎಂದು ಹುಡುಕುವವರಿಗೆ ಸಿಗುವುದು ಅವರ ಆಟದ ಲೆಕ್ಕಕ್ಕಿಂತ ಹೆಚ್ಚಾಗಿ ನಾವು ಅವರಿಗೆ ಕೊಡದೇ ಹೋದ ಪಂದ್ಯಗಳ ಲೆಕ್ಕ.

ಕೊನೆಯದಾಗಿ ಇನ್ನೊಂದು ಅಂಕಣ. ನಾಯಕರಾಗಿ ವಿಶ್ವನಾಥ್ ಅವರ ದಾಖಲೆ: ಟೆಸ್ಟ್ 2, ಗೆಲುವು 0, ಡ್ರಾ 1, ಸೋಲು 1. ಆ ಸೋಲು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟಿನದು. ಇಂಗ್ಲೆಂಡಿನ ಐದು ವಿಕೆಟ್ ಬಿದ್ದಿದ್ದವು. ವಿಕೆಟ್ ಕೀಪರ್ ಬಾಬ್ ಟೇಲರ್ ಅವರನ್ನು ಅಂಪೈರ್ ಕ್ಯಾಚ್ ಔಟ್ ಎಂದು ಕೈಯೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ಖಾತ್ರಿಯಾಗಿದ್ದ ವಿಶ್ವನಾಥ್ ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ ಆರನೇ ವಿಕೆಟ್ಟಿಗೆ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ಬೇಸ್‌ಬಾಲ್ ನಿಯಮದಲ್ಲಿ ಪ್ರಾಮಾಣಿಕತೆ, ನಡತೆ ಎಂದು ಬರೆದಿರುವುದು ಇಂಥ ಗಳಿಗೆಗಾಗಿ. ನಮ್ಮ ಅಂಕಿಪಟ್ಟಿಯಲ್ಲಿ ಆ ಗಳಿಗೆ ‘ಸೋಲು 1’ ಎಂದು ನಮೂದಾಗಿದೆ. ಕ್ರಿಕೆಟ್ಟನ್ನು ಸಭ್ಯರ ಆಟ ಎಂದು ಭಾಷಣದಲ್ಲಿ ಹೊಗಳುತ್ತ, ಆ ಸಭ್ಯತೆಗೆ ತೆತ್ತ ಬೆಲೆಯನ್ನು ವ್ಯಕ್ತಿಯ ಖಾತೆಯಲ್ಲಿ ಖರ್ಚಿಗೆ ಬರೆಯುವುದು ಎಂಥ ನ್ಯಾಯ?

ಹಾಗಾದರೆ ಏನು ಮಾಡಬೇಕು? ಐಸಿಸಿ ಮಾಡಬೇಕಾದದ್ದು ದೊಡ್ಡದೇನಲ್ಲ. 8000, 20, 50 ಎಂಬ ಹೊಸ್ತಿಲನ್ನು ಕಿತ್ತುಹಾಕಲಿ. ಪ್ರತಿ ಹೆಸರಿನ ಜೊತೆ ಆಟಗಾರನ ಹತ್ತು ಮುಖ್ಯ ಇನಿಂಗ್ಸುಗಳ ಪೂರ್ತಿ ಸ್ಕೋರ್‌ಪಟ್ಟಿಯನ್ನು ಮತ ಹಾಕುವವರ ಮುಂದಿಡಲಿ: ತಂಡದ ಮೊತ್ತ, ಎದುರಿನ ಬೌಲರುಗಳು, ಪಂದ್ಯದ ಗತಿ. ಆರಿಸಿದವರೂ ಬಿಟ್ಟವರೂ ಯಾಕೆಂದು ಎರಡು ಸಾಲು ಬರೆದು ಹೆಸರು ಹಾಕಲಿ. ಅಂಕಿಯ ಹಿಂದೆ ಅಡಗಿಕೊಳ್ಳುವುದು ಆಗ ಕಷ್ಟವಾಗುತ್ತದೆ.

ಓದುವವರೂ ಬರೆಯುವವರೂ ಆದ ನಾವು ಮಾಡಬೇಕಾದದ್ದು ಹೆಚ್ಚಿದೆ. 1974ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ, ಹದಿನೈದು ವರ್ಷ ಸತತವಾಗಿ ರಣಜಿ ಗೆದ್ದಿದ್ದ ಬಾಂಬೆ ತಂಡವನ್ನು ಕರ್ನಾಟಕ ಸೆಮಿಫೈನಲಿನಲ್ಲಿ ಕೆಡವಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆ ಪಂದ್ಯವನ್ನು ಮೈದಾನದಲ್ಲಿ ಕೂತು ನೋಡಿದವರು, ಊರ ಅಂಗಡಿಯ ಕಟ್ಟೆಯ ಮೇಲೆ ರೇಡಿಯೊಗೆ ಕಿವಿಗೊಟ್ಟವರು ಇಂದು ಅರವತ್ತೈದು, ಎಪ್ಪತ್ತು ದಾಟಿದ್ದಾರೆ. ಆ ಸ್ಕ್ವೇರ್ ಕಟ್ ಹೇಗಿತ್ತು, ಮಣಿಕಟ್ಟು ಯಾವ ಕ್ಷಣದಲ್ಲಿ ತಿರುಗುತ್ತಿತ್ತು, ಅವರು ಔಟಾದಾಗ ಕಟ್ಟೆಯ ಮೇಲೆ ಏನಾಗುತ್ತಿತ್ತು ಎಂದು ಹೇಳಬಲ್ಲವರು ಅವರೇ. ಅಂಕಿಗಳು ಎಲ್ಲೂ ಹೋಗುವುದಿಲ್ಲ, ಅವನ್ನು ಕಾಯುವ ಯಂತ್ರಗಳಿವೆ. ಆ ಮಾತುಗಳನ್ನು ಕಾಯುವ ಯಂತ್ರವಿಲ್ಲ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಂಥ ಹಿರಿಯರೊಬ್ಬರು ಇದ್ದರೆ ಈ ವಾರವೇ ಹೋಗಿ ಕೇಳಿ, ಬರೆದುಕೊಳ್ಳಿ. ಮುಂದೆ ಯಾರಾದರೂ ಮೊಬೈಲ್ ತೆಗೆದು 41.93 ಎಂದು ತೋರಿಸಿದಾಗ ಅವರಿಗೆ ಓದಲು ಕೊಡಲು ನಿಮ್ಮ ಬಳಿ ಒಂದು ಪುಟವಾದರೂ ಇರಲಿ.